ನಂಬರ್ ಟೂ ಹೂಂ ಅನ್ನಬೇಕು

ಮಾರ್ಚ್ ೯, ಭಾನುವಾರ
ಬೆಳಿಗ್ಗೆ, ಅಂಗಡಿಯಿಂದ

ಪ್ರೀತಿಯ ಗಿಡುಗನಿಗೆ,

ಸೂಜಿಯ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಆಗಾಗ, ತಾನೂ ಈ ಮನೆಯಲ್ಲೇ ಇದ್ದೇನೆಂದು ನೆನಪಿಸುತ್ತಿರುತ್ತದೆ. ಹೊಸ ಮನೆಯಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೆಂದು ನಂಬಿದ್ದೇನೆ. ಆ ನಂಬಿಕೆಗೆ ಆಧಾರವೇನೂ ಇಲ್ಲ.

ಉತ್ತರ ತಡವಾಯಿತು, ಹೊಟ್ಟೆಗೆ ಹಾಕಿಕೋ. ಶಾಲೆ ಮಕ್ಕಳ ಸಮವಸ್ತ್ರ ರಾಶಿ ಬಿದ್ದಿತ್ತು ಎಂದು ನೆಪ ಹೇಳಬಹುದು, ಬಿದ್ದದ್ದೂ ನಿಜ. ಆದರೆ ಇದು ಫೋನಿನ ಮೇಲೆ ಬೆರಳಿನಿಂದ ಕುಟ್ಟಿ ಹೇಳುವ ಮಾತಲ್ಲ, ಅದಕ್ಕೇ ಕಾಗದ ಹಿಡಿದೆ. ನಿನ್ನ ಮೆಸೇಜು "ಮೇಡಂ" ಎಂದು ಶುರುವಾಗಿತ್ತು. ಯಾರೋ ಗಿರಾಕಿ, ಪ್ಯಾಂಟಿನ ಜಿಪ್ಪು ಕಿತ್ತುಹೋಗಿರಬೇಕು ಎಂದುಕೊಂಡೆ. ನೋಡಿದರೆ ನೀನು! ನನ್ನ ಮಗನಿಗೂ ನಿನಗೂ ಕೋರ್ಟಿನಲ್ಲಿ ಬಿಡುಗಡೆಯಾದ ಮೇಲೆ "ಅತ್ತೆ" ಅನ್ನಲು ಬಾಯಿ ಬಂದಿರಲಿಕ್ಕಿಲ್ಲ, ಬೇರೆ ಏನನ್ನಬೇಕೋ ತೋಚಿರಲಿಕ್ಕಿಲ್ಲ. ನನ್ನ ಪಾಡೂ ಅದೇ. ಮೇಲೆ ಏನೆಂದು ಬರೆಯುವುದೋ ತಿಳಿಯದೆ ಹಾಳೆಗಳನ್ನು ಹರಿದು ಹಾಕಿ, ಕೊನೆಗೆ ಗಿಡುಗ ಎಂದು ಬರೆದೆ. ಆಟದ ಹೆಸರಾದರೂ ಅದನ್ನು ಇನ್ನೂ ಯಾರೂ ರದ್ದು ಮಾಡಿಲ್ಲ.

ನೀನು ಬರೆದದ್ದು ಇಷ್ಟೇ: ಆಟದ ಬೇರೆ ಸ್ಕ್ವಾಡ್ರನ್ ತಂಡಕ್ಕೆ ವರ್ಗ ಕೇಳಿದ್ದೀನಿ, ಇನ್ನು ಜೊತೆಯಲ್ಲಿ ಹಾರಿದರೆ ನಿಮಗೆ ಮುಜುಗರ, ಕಮಾಂಡರ್ ಕೇಳಿದಾಗ ದಯವಿಟ್ಟು ಹೂಂ ಅನ್ನಿ. ನಿಯಮ ನನಗೆ ಗೊತ್ತಿದೆ. ಜೋಡಿಯಾಗಿ ಹಾರುವವರಲ್ಲಿ ಒಬ್ಬರು ಬಿಟ್ಟು ಹೋಗಬೇಕಾದರೆ ಇನ್ನೊಬ್ಬರು ಬಾಯಿಬಿಟ್ಟು ಒಪ್ಪಬೇಕು. ಕಂಪ್ಯೂಟರಿನೊಳಗೆ ಆಡುವ ವಿಮಾನ ಯುದ್ಧವೇ ಇರಲಿ, ಬೆನ್ನು ಕಾದವರಿಗೆ ಅಷ್ಟು ಮರ್ಯಾದೆ ನಮ್ಮಲ್ಲಿದೆ.

ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸುದ್ದಿ. ನೀನು ರಜೆ ಹಾಕಿದಾಗಿನಿಂದ ನನ್ನನ್ನು ಬೇಕರಿಯವನ ಹಿಂದೆ ಹಾರಲು ಹಾಕಿದ್ದಾರೆ. ಪುಣ್ಯಾತ್ಮ ಬ್ರೆಡ್ಡನ್ನು ಒಂದು ಚೂರೂ ಸೀಯಿಸುವುದಿಲ್ಲವಂತೆ, ವಿಮಾನ ಹತ್ತಿದರೆ ಮಾತ್ರ ಹೊರಟ ಗಳಿಗೆಯಿಂದಲೇ ಹೊಗೆ. ವೈರಿ ಕಂಡರೆ ಸಾಕು, ಹಿಂದುಮುಂದು ನೋಡದೆ ನುಗ್ಗುತ್ತಾನೆ. "ಲೋ, ನಿನ್ನ ಬೆನ್ನು ಕಾಯೋಕೆ ಒಬ್ಬಳು ಇದ್ದಾಳೆ, ಸ್ವಲ್ಪ ನಿಧಾನ ಹೋಗೋ" ಅಂದರೆ, "ಸೂಜಿ, ನೀನು ಬೇಗ ಬಾ, ಬರ್ತಾ ದಾರಾನೂ ತಗೊಂಡು ಬಾ" ಅನ್ನುತ್ತಾನೆ. ಹೋದ ವಾರ ಸಮುದ್ರಕ್ಕೆ ಬಿದ್ದ. ಆಟದ ನಿಯಮದಂತೆ ಈಗ ಆಸ್ಪತ್ರೆಯಲ್ಲಿದ್ದಾನೆ. ಹಾರುವಂತಿಲ್ಲ, ರೇಡಿಯೊದಲ್ಲಿ ನರಳಬಹುದು. ಬಹಳ ಚೆನ್ನಾಗಿ ನರಳುತ್ತಾನೆ.

ನಮ್ಮ ಕಮಾಂಡರ್ ಡೆಂಟಿಸ್ಟ್ ಸಾಹೇಬರು ಎಂದಿನಂತೆಯೇ. ಗಂಟಲು ಸರಿಮಾಡಿಕೊಂಡು ದಾಳಿಯ ಆದೇಶ ಓದುತ್ತಿದ್ದರು, ಹಿಂದಿನಿಂದ ಅವರ ಹೆಂಡತಿ "ರೀ, ಬಟ್ಟೆ ಒಣಗಿದ್ಯಾ ನೋಡಿ ಸ್ವಲ್ಪ" ಅಂದದ್ದು ಎಲ್ಲರಿಗೂ ಕೇಳಿಸಿತು. ಸಾಹೇಬರು ಒಂದು ಕ್ಷಣವೂ ತಡವರಿಸದೆ, "ವೈರಿಗಳು ನಮ್ಮ ರೇಡಿಯೊದೊಳಗೆ ನುಸುಳಿದ್ದಾರೆ, ಎಚ್ಚರ" ಅಂದುಬಿಟ್ಟರು. ಯಾರೂ ನಗಲಿಲ್ಲ. ವೇಷ ಹಾಕಿದ ಮೇಲೆ ಕುಣಿಯಲೇಬೇಕಲ್ಲ.

ನಾನು ಈ ವೇಷ ಹಾಕುತ್ತೇನೆಂದು ಯಾರಾದರೂ ಹೇಳಿದ್ದರೆ ಅವರ ಜ್ವರ ನೋಡುತ್ತಿದ್ದೆ. ನೀನು ಮದುವೆಯಾಗಿ ಬಂದ ಹೊಸತು, ಎಕ್ಸ್‌ರೇ ಕೆಲಸ ಮುಗಿಸಿ ಬಂದವಳೇ ಮಹಡಿಯ ಕೋಣೆ ಸೇರಿ ಗುಂಡು ಹಾರಿಸುತ್ತಿದ್ದೆ. ಎಂಥಾ ಸೊಸೆ ತಂದೆನಪ್ಪಾ ಎಂದು ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಒಂದು ದಿನ ಬಟ್ಟೆ ಕೊಡಲು ಮೇಲೆ ಬಂದಾಗ ನಿನ್ನ ವಿಮಾನ ನೆಲದ ಮೇಲೆ ಬುಗುರಿಯ ಹಾಗೆ ಸುತ್ತುತ್ತಿತ್ತು. ಕಾಲಡಿಯ ಪೆಡಲು ನಿನ್ನ ಮಾತು ಕೇಳುತ್ತಿರಲಿಲ್ಲ. "ತುಳೀಬಾರ್ದಮ್ಮ, ಮಾತಾಡಿಸ್ಬೇಕು" ಎಂದು ನಾನು ಕೂತು ತೋರಿಸಿದೆ. ಹೊಲಿಗೆ ಯಂತ್ರ ತುಳಿದೇ ಸವೆದ ಕಾಲು ಇದು, ಅದಕ್ಕೆ ವಿಮಾನವೇನು ಮಹಾ. ನೆಟ್ಟಗೆ ಓಡಿಸಿ ಮೇಲಕ್ಕೂ ಎಬ್ಬಿಸಿದೆ. ಇಳಿಸುವುದು ಗೊತ್ತಿರಲಿಲ್ಲ, ಅದು ಬೇರೆ ಮಾತು.

ಮುಂದಿನ ಭಾನುವಾರವೇ ನನ್ನನ್ನು ಭರ್ತಿ ಮಾಡಿಸಿದೆ. ಮನೆಯ ಕೆಳಗಿನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ನನಗೊಂದು ಕಂಪ್ಯೂಟರ್ ಜೋಡಿಸಿ ಪಾಠ ಹೇಳಿದೆ: "ಮುಂದೆ ಹೋಗೋದು ನಂಬರ್ ಒನ್, ಅದು ನಾನು. ನೀವು ನಂಬರ್ ಟೂ. ನಿಮ್ಮ ಕೆಲಸ ಒಂದೇ ಅತ್ತೆ, ನನ್ನ ಬೆನ್ನು ನೋಡ್ತಾ ಇರೋದು." ಮದುವೆಯಾದ ಲಾಗಾಯ್ತು ಸೊಸೆಯ ಬೆನ್ನ ಮೇಲೇ ಕಣ್ಣಿಡುವುದು ಅತ್ತೆಯರ ಹಳೆಯ ಕಸುಬು, ಇದನ್ನು ಬೇರೆ ಕಲಿಸಬೇಕೇ ಅಂದೆ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ರೇಡಿಯೊದಲ್ಲಿ ಬಹುವಚನವಿಲ್ಲ, ಮನೆಯ ಸಂಬಂಧಗಳ ಮಾತೂ ಇಲ್ಲ. "ಸೂಜಿ, ಎಡಕ್ಕೆ ತಿರುಗು! ಎಡಕ್ಕೆ ಅಂದ್ನಲ್ಲ, ಕಿವಿ ಎಲ್ಲಿಟ್ಟಿದ್ದೀಯ!" ಎಂದು ನೀನು ಮೊದಲ ದಿನವೇ ಗದರಿದೆ. ಆಟ ಮುಗಿದದ್ದೇ ತಡ, ಮೆಟ್ಟಿಲು ಇಳಿದು ಓಡಿಬಂದು, "ಅತ್ತೆ, ತಪ್ಪು ತಿಳ್ಕೋಬೇಡಿ, ಬಾಯಿಗೆ ಬಂದ್ಬಿಡ್ತು" ಅಂದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಾನು ನಗಾಡಿದೆ. ನಿಜ ಹೇಳಲೇ? ನನ್ನ ಅಮ್ಮ ಹೋಗಿ, ನಿನ್ನ ಮಾವನೂ ಹೋದ ಮೇಲೆ ನನ್ನನ್ನು ನೀನು ಅನ್ನುವವರು ಒಬ್ಬರೂ ಉಳಿದಿರಲಿಲ್ಲ. ನಿನ್ನ ಬೈಗುಳ ಕೇಳಲೆಂದೇ ಕೆಲವು ಸಲ ಬೇಕೆಂದು ಬಲಕ್ಕೆ ತಿರುಗಿದ್ದಿದೆ.

ಇನ್ನು ಆ ಮಧ್ಯಾಹ್ನದ ಮಾತು. ಸೇತುವೆಯ ಮೇಲೆ ದಾಳಿ ಮುಗಿಸಿ ಬರುವಾಗ ನಿನ್ನ ಇಂಜಿನ್ನಿಗೆ ಗುಂಡು ತಗುಲಿತು. ಕಮಾಂಡರ್, "ಸೂಜಿ, ನಿನ್ನ ಪೆಟ್ರೋಲ್ ಕಮ್ಮಿ ಇದೆ, ಅವಳನ್ನ ಬಿಟ್ಟು ವಾಪಸ್ ಬಾ" ಎಂದು ಆದೇಶ ಕೊಟ್ಟರು. ನಾನು ಕೇಳಿಸದವಳ ಹಾಗೆ ನಮ್ಮಿಬ್ಬರದೇ ಚಾನೆಲ್ಲಿಗೆ ಬಂದೆ. ನಿನ್ನ ವಿಮಾನ ಸದ್ದಿಲ್ಲದೆ ತೇಲುತ್ತಿತ್ತು, ಕೆಳಗೆ ಹೊಲಗಳು. ಆಗ ನೀನು ನಿಯಮ ಮುರಿದು ಅಂದೆ, "ಅತ್ತೆ, ನಾನು ಮನೆ ಬಿಟ್ಟು ಹೋಗ್ತಾ ಇದ್ದೀನಿ. ನಿಮ್ಮ ಮುಖ ನೋಡ್ಕೊಂಡು ಹೇಳೋಕಾಗ್ಲಿಲ್ಲ."

ಮಹಡಿಯ ಮೇಲೆ ನೀನು, ಕೆಳಗೆ ನಾನು, ನಡುವೆ ಒಂದು ತಾರಸಿ. ಏಣಿ ಮೆಟ್ಟಿಲು ಹತ್ತಿ ಬಂದು ನಿನ್ನ ಕೈ ಹಿಡಿಯಬಹುದಿತ್ತು. ಆದರೆ ಪೆಡಲಿನಿಂದ ಕಾಲು ತೆಗೆದರೆ ನನ್ನ ವಿಮಾನ ನಿನ್ನನ್ನು ಬಿಟ್ಟು ಎತ್ತಲೋ ಹೋಗುತ್ತಿತ್ತು. "ಎತ್ತರ ನೋಡ್ಕೋ. ನಾನು ಹಿಂದೇನೇ ಇದ್ದೀನಿ" ಅಂದೆ, ಅಷ್ಟೇ. ನೀನು ಹೊಲದಲ್ಲಿ ಕ್ಷೇಮವಾಗಿ ಇಳಿದೆ. ನನ್ನ ಪೆಟ್ರೋಲು ಮುಗಿದು ನಾನು ಅಲ್ಲೇ ಪಕ್ಕದ ಬೇಲಿಗೆ ಗುದ್ದಿದೆ. ಆದೇಶ ಮೀರಿದ್ದಕ್ಕೆ ಕಮಾಂಡರ್ ನನಗೆ ಒಂದು ವಾರ ವಿಮಾನ ತೊಳೆಯುವ ಶಿಕ್ಷೆ ಕೊಟ್ಟರು. ಇಲ್ಲದ ವಿಮಾನವನ್ನು ಎಷ್ಟು ಹೊತ್ತು ತೊಳೆದೆನೋ. ಆಮೇಲೆ ನೀನು ಕೆಳಗೆ ಬಂದು ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಏಕೆ ಎಂದು ನಾನು ಕೇಳಲಿಲ್ಲ. ನೀವಿಬ್ಬರೂ ಒಂದೇ ಸೂರಿನಡಿ ಬಾಡಿಗೆದಾರರ ಹಾಗೆ ಓಡಾಡುತ್ತಿದ್ದುದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ನಿನ್ನದು ತಪ್ಪು, ಅವನದು ತಪ್ಪು ಎಂದು ನಾನು ಇವತ್ತಿಗೂ ತೂಗಲು ಹೋಗಿಲ್ಲ.

ಅವನು ಹೇಗಿದ್ದಾನೆಂದು ನೀನು ಕೇಳಿಲ್ಲ, ನಾನೇ ಹೇಳುತ್ತೇನೆ. ಲಿಫ್ಟ್ ರಿಪೇರಿ, ಊಟ, ನಿದ್ದೆ. ಸ್ವಲ್ಪ ಇಳಿದಿದ್ದಾನೆ. ಮೊನ್ನೆ ತಾನಾಗಿಯೇ ನನ್ನ ಪೆಡಲಿಗೆ ಎಣ್ಣೆ ಬಿಟ್ಟು, "ಅಮ್ಮ, ಅವಳು ನಿನ್ ಜೊತೆ ಹಾರೋದು ಬಿಟ್ಟಳಂತೆ, ಹೌದಾ?" ಅಂದ. ಹೌದು ಅಂದೆ. "ನಮ್ಮಿಬ್ಬರ ವಿಷಯಕ್ಕೆ ನೀವಿಬ್ರು ಯಾಕೆ ಬಿಡ್ಬೇಕು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೈ ತೊಳೆಯಲು ಹೋದ. ಆದ್ದರಿಂದ ಮನೆಯಲ್ಲಿ ನನಗೆ ಯಾವ ಮುಜುಗರವೂ ಇಲ್ಲ, ತಿಳಿದಿರಲಿ.

ಆದರೂ ನಿನ್ನ ಮನಸ್ಸು ಬೇರೆ. ನನ್ನ ದನಿ ಕೇಳಿದಾಗಲೆಲ್ಲ ಈ ಮನೆ ನೆನಪಾಗಿ ಸಂಕಟವಾಗುತ್ತದೆ ಅನ್ನುವುದಾದರೆ ನಾನು ಅಡ್ಡ ಬರುವವಳಲ್ಲ. ನಿನಗೆ ವಯಸ್ಸಿದೆ, ಮುಂದೆ ಬದುಕಿದೆ, ಹೊಸಬರ ನಡುವೆ ಹಗುರಾಗಿ ಹಾರಬೇಕು. ಇವತ್ತು ಮಧ್ಯಾಹ್ನ ಎಲ್ಲರೂ ಸೇರಿದಾಗ ಕಮಾಂಡರಿಗೆ ಹೂಂ ಅಂದುಬಿಡುತ್ತೇನೆ. ನಿನ್ನ ಹೊಸ ನಂಬರ್ ಟೂಗೆ ಒಂದು ಮಾತು ಹೇಳು: ಗಿಡುಗ ಸಿಟ್ಟು ಬಂದಾಗ ಎಡಕ್ಕೇ ತಿರುಗುತ್ತಾಳೆ, ಅತ್ತ ಒಂದು ಕಣ್ಣಿರಲಿ.

ಕೆಲಸಕ್ಕೆ ಹೋಗುವಾಗ ಸ್ವೆಟರ್ ಮರೆಯಬೇಡ, ಆ ಎಕ್ಸ್‌ರೇ ಕೋಣೆ ಥಂಡಿ. ಎಲ್ಲಿದ್ದರೂ ನಗುನಗುತ್ತಾ ಇರು. ಏರಿದಷ್ಟೇ ಸಲೀಸಾಗಿ ಇಳಿ. ನೂರು ವರ್ಷ ಸುಖವಾಗಿ ಬಾಳು.

ಇಂತಿ ನಿನ್ನ,
ಸೂಜಿ

ವಿ.ಸೂ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ.

ನೀವು ಕೋರ್ಟಿಗೆ ಹೋದ ದಿನ ನಾನು ಅಂಗಡಿ ತೆರೆದಿದ್ದೆ. ಯಾರದೋ ಕೋಟಿನ ಅಸ್ತರು ಬದಲಿಸುತ್ತಾ ಕೂತಿದ್ದೆ. ಊಟದ ಹೊತ್ತಿಗೆ ಅವನು ಬಂದು "ಮುಗೀತಮ್ಮ" ಅಂದ. ಒಪ್ಪಿಗೆಯೇ ಎಂದು ಜಡ್ಜು ಅವನನ್ನು ಕೇಳಿದರಂತೆ, ನಿನ್ನನ್ನು ಕೇಳಿದರಂತೆ. ಇವಳನ್ನು ಕಳೆದುಕೊಳ್ಳುವವರು ಮನೆಯಲ್ಲಿ ಇನ್ನೂ ಯಾರಾದರೂ ಇದ್ದಾರೆಯೇ ಎಂದು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯಿಲ್ಲ, ಅವರದೇನೂ ತಪ್ಪಿಲ್ಲ. ಅಂದು ನಾನು ಆ ಕೋಟನ್ನು ಉಲ್ಟಾ ಹೊಲಿದೆ. ಹೆತ್ತ ಮಗಳಿಲ್ಲದವಳಿಗೆ ಒಬ್ಬಳು ಸಿಕ್ಕಿದ್ದಳು, ಇಬ್ಬರು ಸಹಿ ಹಾಕಿದ್ದರಲ್ಲಿ ಮೂರನೆಯವಳು ಮಗಳನ್ನು ಕಳೆದುಕೊಂಡಳು.

ಹೋದ ಭಾನುವಾರ ಕಮಾಂಡರ್ ರೇಡಿಯೊದಲ್ಲಿ ಎಲ್ಲರ ಎದುರಿಗೆ, "ಸೂಜಿ, ಗಿಡುಗ ನಿನ್ನನ್ನ ಬಿಟ್ಟು ಹೋಗ್ಬೇಕಂತೆ. ನಿನಗೆ ಒಪ್ಪಿಗೆನಾ?" ಅಂದರು. ಈ ಇಡೀ ಗದ್ದಲದಲ್ಲಿ ನನ್ನನ್ನು ಒಬ್ಬರು ಕೇಳಿದ್ದು ಅದೇ ಮೊದಲು. ಲೈನ್ ಸರಿಯಿಲ್ಲ ಎಂದು ಸುಳ್ಳು ಹೇಳಿ ಎದ್ದುಬಂದೆ.

ಮೇಲೆ ಬರೆದದ್ದು ಹಿರಿಯಳಾಗಿ ಬರೆಯಬೇಕಾದದ್ದು. ಕೇಳಿದ್ದಕ್ಕೆ ಉತ್ತರ ಇದು: ಒಪ್ಪಿಗೆ ಇಲ್ಲ ಕಣೇ.