ದೊಡ್ಡ ಟೈರು, ಅತ್ತೆಯ ಮಣೆ

೧೪ ನವೆಂಬರ್, ಶುಕ್ರವಾರ

ಟೈರಿನ ತಲೆನೋವು ಇವತ್ತಿಗೆ ಮುಗೀತು. ಕಬ್ಬಿನ ಗದ್ದೆ ದಾರಿಯ ನಡುದಿಬ್ಬ ನಮ್ಮ ಫೋರ್ ವೀಲ್ ಜೀಪಿನ ಹೊಟ್ಟೆಗೆ ಉಜ್ಜಿ ಉಜ್ಜಿ ಸಾಕಾಗಿತ್ತು. ಎರಡು ಸೈಜು ದೊಡ್ಡದೇ ಬೇಕು ಅಂತ ಹಟ ಹಿಡಿದು ಪಾಂಡವಪುರದ ಟೈರಂಗಡಿಗೆ ಹೋದೆ. ನಮ್ಮ ಮನೆಯವರನ್ನೆಲ್ಲ ಬಲ್ಲ ವಜೀರ್ ಪಾಷಾ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿ ನೋಡಿದರು.

"ಒಂದು ಸೈಜು ಸಾಕಮ್ಮ. ಎರಡಾದ್ರೆ ತಿರುವಲ್ಲಿ ಉಜ್ತದೆ. ಅದಿರ್ಲಿ, ನಿಮ್ಮತ್ತೆ ಜೀಪು ಅತ್ಬೇಕಲ್ವಾ?"

ನಾಚಿಕೆಯಾಯ್ತು. ಅಳತೆಯೆಲ್ಲ ಬರೆದುಕೊಂಡು ಹೋಗಿದ್ದೆ, ಅತ್ತೆಯ ಮಂಡಿನೋವು ಮಾತ್ರ ಮರೆತಿದ್ದೆ. ಒಂದೇ ಸೈಜು ದೊಡ್ಡದು ಹಾಕಿಸಿದೆ.

ಸಂಜೆ ಅತ್ತೆ ನಾಲ್ಕೂ ಚಕ್ರದಡಿ ನಿಂಬೆಹಣ್ಣಿಟ್ಟರು. ಹತ್ತಲು ಕಾಲೆತ್ತಿದರು, ಎಟುಕಲಿಲ್ಲ. ಸರ್ರನೆ ತಿರುಗಿ ಒಳಗೆ ಹೋದರು. ಸಿಟ್ಟು ಬಂತು ಅಂದುಕೊಂಡೆ. ಹಾಲು ಕರೆಯುವ ಮಣೆ ಹಿಡಿದು ಬಂದರು. ಅದರ ಮೇಲೆ ಕಾಲಿಟ್ಟು ಹತ್ತಿ, ಸೆರಗು ಸರಿಮಾಡಿಕೊಂಡು ಕೂತರು.

"ಎತ್ತಿನ ಗಾಡಿ ಅತ್ತಿದೋಳು ಕಣವ್ವ ನಾನು. ಇನ್ನೊಂಚೂರು ದೊಡ್ಡ ಟೈರು ಸಿಗ್ನಿಲ್ವಾ?"

ಊರೆಲ್ಲ ಒಂದು ಸುತ್ತು ಹಾಕಿಸಿಕೊಂಡರು. ಮಣೆ ಇನ್ನು ಜೀಪಿನಲ್ಲೇ ಇರಬೇಕಂತೆ. ಬೆಳಿಗ್ಗೆ ಹಸು ಕರೆಯೋಳು ನಾನು, ಮಣೆಯಿಲ್ಲದೆ ಕುಕ್ಕರಗಾಲಲ್ಲಿ ಕೂತು...