ಸಾರಿಸಿದ ಗೋಡೆ

೪ ಜೂನ್ ೧೯೫೪, ರೋಣ

ಮೂರು ಸಲ ಸೀಗೆಕಾಯಿ ಹಾಕಿ ತಿಕ್ಕಿದೆ. ಹೋಗಲಿಲ್ಲ. ಅಂಗಿಯಲ್ಲಿ ಅದೇ ವಾಸನೆ, ತಲೆಗೂದಲಲ್ಲಿ ಅದೇ, ಈಗ ತಿಂದ ರೊಟ್ಟಿಯಲ್ಲೂ ಡಿ.ಡಿ.ಟಿ. ಇನ್ನೊಂದು ತಿಂಗಳು ತಡೆ, ವಾಸನೆ ಹೋಗುವುದಿಲ್ಲ, ನಿನ್ನ ಮೂಗೇ ಹೋಗುತ್ತದೆ ಎನ್ನುತ್ತಾನೆ ಮಹಮ್ಮದಸಾಬ. ಅವನಿಗೆ ಇದು ಎರಡನೆಯ ವರ್ಷ. ಪಂಪು ಒತ್ತುವುದು ಅವನ ಕೆಲಸ, ಕೋಲು ಹಿಡಿದು ಗೋಡೆಗೆ ಹೊಡೆಯುವುದು ನನ್ನದು. ಇಬ್ಬರಿಗೂ ಒಂದೇ ಖೋಲಿ, ಒಂದೇ ಸ್ಟೋವು.

ನರಗುಂದದ ಅರಳೆ ಅಂಗಡಿ ಬಿಟ್ಟು ತಿಂಗಳೂ ಆಗಿಲ್ಲ. ಅಲ್ಲಿ ಗಾದಿಯ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದೆ. ದಿನವೂ ಎದುರಿಗೆ ಅದೇ ಒಂದು ಗೋಡೆ. ಈಗ ದಿನಕ್ಕೆ ನೂರು ಗೋಡೆ! ಅಲ್ಲಿ ಜನ ‘ಮೈಲಾರಪ್ಪನವರೇ’ ಎನ್ನುತ್ತಿದ್ದರು. ಇಲ್ಲಿ ಹುಡುಗರು ‘ತಗಣಿ ಸಾಹೇಬ ಬಂದ’ ಅಂತ ಬೆನ್ನು ಹತ್ತುತ್ತಾರೆ. ಇದು ಮಲೇರಿಯಾ ಖಾತೆ, ಸೊಳ್ಳೆಯ ಔಷಧಿ ಅಂತ ಎಷ್ಟು ಹೇಳಿದರೂ ಅಷ್ಟೇ. ಊರಿನವರಿಗೆ ಬೇಕಾದದ್ದು ಹೊರಸಿನಲ್ಲಿ ಕಡಿಯುವ ತಗಣಿ ಸಾಯುವುದು.

ಆದರೂ ಸರಕಾರಿ ನೌಕರಿ. ಸದ್ಯ ಟೆಂಪರರಿ. ಈ ರೌಂಡು ಸರಿಯಾಗಿ ಮುಗಿದರೆ ಪರ್ಮನೆಂಟಿಗೆ ಬರೆಯುತ್ತೇನೆ ಎಂದು ಇನ್ಸ್‌ಪೆಕ್ಟರ್ ಸಾಹೇಬರು ಹೇಳಿದ್ದಾರೆ. ಅಂಗಡಿ ಬಿಟ್ಟದ್ದು ಸರಿಯೋ ತಪ್ಪೋ... ಬೆಳಿಗ್ಗೆ ಸರಿ ಅನಿಸುತ್ತದೆ. ಸಂಜೆ ಭುಜ ನೋಯುವ ಹೊತ್ತಿಗೆ ತಪ್ಪು.

೭ ಜೂನ್, ಗಜೇಂದ್ರಗಡ

ಇವತ್ತು ನೇಕಾರರ ಓಣಿ. ಸಾಕುಬೇಕಾಯಿತು. ಮಗ್ಗದ ಮೇಲೆ ಸೀರೆ ಅರ್ಧ ಆಗಿದೆ, ಔಷಧಿ ಸಿಡಿದರೆ ಕಲೆ ಬೀಳುತ್ತದೆ ಅಂತ ಪ್ರತಿ ಮನೆಯಲ್ಲೂ ಜಗಳ. ಒಬ್ಬ ಮುದುಕ ಮಗ್ಗಕ್ಕೆ ಕಂಬಳಿ ಹೊದಿಸಿ ಮೇಲೆ ತಾನೇ ಬೋರಲು ಬಿದ್ದ. ಅವನ ಬೆನ್ನಿಗೆ ಔಷಧಿ, ಗೋಡೆಗೆ ಸ್ವಲ್ಪ. ಬೈದ. ಬೈದು ಚಹಾ ಕುಡಿಸಿದ.

ಮಹಮ್ಮದನ ಊರು ಇದೇ, ಮಧ್ಯಾಹ್ನ ಅವನ ಮನೆಯಲ್ಲಿ ಊಟ. ಅವನ ತಾಯಿ ಕಾಶೀಂಬಿ ರೊಟ್ಟಿ ಬಡಿಯುತ್ತಲೇ ಇದ್ದರು, ನಾನು ತಿನ್ನುತ್ತಲೇ ಇದ್ದೆ. ಮದುವೆ ಯಾವಾಗ ಅಂತ ಕೇಳಿದರು. ಈ ವಾಸನೆಗೆ ಯಾರು ಹೆಣ್ಣು ಕೊಡುತ್ತಾರೆ ಅಂದೆ. ತಗಣಿ ಕಡಿಸಿಕೊಂಡ ಮನೆಯವರು ಕೊಡುತ್ತಾರೆ ಅಂದರು. ಬಹಳ ದಿನದ ಮೇಲೆ ಹೊಟ್ಟೆ ತುಂಬ ನಕ್ಕೆ.

೧೨ ಜೂನ್, ಶಿರೋಳ

ರಜೆಗೆ ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ಹಿಡಿದಳು. ಯಾವಗಲ್‌ನಿಂದ ಮಾಮ ಹೇಳಿ ಕಳಿಸಿದ್ದಾನಂತೆ. ಆಷಾಢ ಬರುವುದರೊಳಗೆ ಬಂದು ಮಗಳು ರೇಣವ್ವನನ್ನು ನೋಡಿ ಹೋಗಿರಿ ಅಂತ. ಇಪ್ಪತ್ತೇಳನೇ ತಾರೀಖು ಗೊತ್ತಾಗಿದೆ. ನಿಂಗಪ್ಪ ಮಾಮ ಅವ್ವನ ಖಾಸಾ ತಮ್ಮ. ರೇಣವ್ವನನ್ನು ನಾನು ನೋಡದೆ ಏನು... ಆದರೆ ಆರು ವರ್ಷವಾಯಿತು. ಆಗ ನನ್ನ ಚಪ್ಪಲಿ ಬಾವಿಗೆ ಎಸೆದಿದ್ದಳು. ಯಾಕೆ ಎಸೆದಳೋ, ಆಗಲೂ ತಿಳಿದಿರಲಿಲ್ಲ.

ಮನಸ್ಸಿನಲ್ಲಿ ಖುಷಿ. ಸುಳ್ಳು ಯಾಕೆ ಬರೆಯಲಿ.

ಆದರೆ ಹದಿನೈದಕ್ಕೆ ನಮ್ಮ ತಂಡದ ಪಾಳಿ ಯಾವಗಲ್‌ದೇ. ಹೇಳಿದೆ. ಅವ್ವ ಹಣೆ ಬಡಿದುಕೊಂಡಳು. ಹೆಣ್ಣು ನೋಡುವ ಮನೆಗೆ ಮೊದಲು ಪಂಪು ಹೊತ್ತು ಹೋಗುತ್ತೀಯೇನು, ಆ ಒಂದು ಮನೆ ಬಿಟ್ಟುಬಿಡು ಅಂದಳು. ಬಿಡಲು ಬರುವುದಿಲ್ಲ ಅಂದೆ. ಅಣ್ಣ ಹನಮಪ್ಪ ನಡುವೆ ಬಾಯಿ ಹಾಕಿದ. ಗಾದಿ ಬಿಟ್ಟು ಪಂಪು ಹಿಡಿದವನಿಗೆ ಯಾರು ಬುದ್ಧಿ ಹೇಳುವುದು ಅಂದ.

೧೫ ಜೂನ್, ಯಾವಗಲ್ ಚಾವಡಿ, ಸಂಜೆ

ಹಳ್ಳದ ದಂಡೆಯಿಂದ ಶುರು ಮಾಡಬೇಕೆಂದು ಆರ್ಡರು. ಅಲ್ಲಿರುವುದು ಹರಿಜನ ಕೇರಿ. ಮಾಮನ ಹೊಲದಲ್ಲಿ ದುಡಿಯುವ ದುರಗಪ್ಪ ಸಾಮಾನೆಲ್ಲ ಹೊರಗಿಟ್ಟು ದಾರಿ ಕಾಯುತ್ತಿದ್ದ. ಹೋದ ವರ್ಷ ಔಷಧಿ ಹೊಡೆದ ಮೇಲೆ ಮನೆಯಲ್ಲಿ ಒಬ್ಬರಿಗೂ ಚಳಿಜ್ವರ ಇಲ್ಲವೆಂದು ಅವನ ಹೆಂಡತಿ ಯಂಕವ್ವ ಹೇಳಿದಳು. ಕೇಳಿ ಭುಜದ ನೋವು ಅರ್ಧ ಇಳಿಯಿತು. ಬಾಯಾರಿತ್ತು. ಮಹಮ್ಮದ ಅವಳ ಹತ್ತಿರ ನೀರು ಕೇಳಿ ಕುಡಿದ. ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ? ಯಾರೂ ಬೇಡ ಅಂದಿರಲಿಲ್ಲ.

ಮಧ್ಯಾಹ್ನ ಮಾಮನ ಓಣಿ. ನಾಳೆ ಕಾರಹುಣ್ಣಿಮೆ, ಮಾಮ ಅಂಗಳದಲ್ಲಿ ಎತ್ತಿನ ಕೋಡಿಗೆ ಬಣ್ಣ ಹಚ್ಚುತ್ತಿದ್ದ. ನಾನು ತಲೆಯಿಂದ ಕಾಲಿನವರೆಗೆ ಬೆಳ್ಳಗೆ, ಬಾಯಿಗೆ ವಸ್ತ್ರ. ಎತ್ತು ಬೆದರಿತು. ಮಾಮ ಗುರುತು ಹಿಡಿದು, ಬಾ ಅಳಿಯಾ ಅಂದ. ಕರಿಯವ್ವ ಅತ್ತೆ ಅಡಿಗೆಮನೆ ಬಾಗಿಲಿಗೆ ಅಡ್ಡ ನಿಂತಳು. ಕೇರಿಯಿಂದ ಬಂದಿರೋ ಹೇಗೆ ಅಂತ ಕೇಳಿದಳು. ಹೌದು ಅಂದೆ. ಸರಕಾರದ ಕೆಲಸ, ಬಿಡು ಅಂತ ಮಾಮ ಗದರಿದ ಮೇಲೆ ಸರಿದಳು.

ರೇಣವ್ವ ಗಡಿಗೆಗಳನ್ನು ಒಂದೊಂದಾಗಿ ಹೊರಗೆ ತಂದಿಟ್ಟಳು. ನನ್ನ ಕಡೆ ನೋಡಲಿಲ್ಲ. ಮಹಮ್ಮದನನ್ನು ಒಂದೇ ಮಾತು ಕೇಳಿದಳು — ತಗಣಿ ಖರೆ ಸಾಯುತ್ತವೆಯೇ? ದನಿ ಬದಲಾಗಿದೆ.

ಮುಗಿಸಿ ಹೊರಗೆ ಬಂದು ನೀರು ಕೇಳಿದೆ. ಅತ್ತೆ ತಂಬಿಗೆ ತಂದಳು. ಕೈಗೆ ಕೊಡಲಿಲ್ಲ. ಬೊಗಸೆ ಹಿಡಿ ಅಂದಳು, ಮೇಲಿಂದ ಸುರಿದಳು. ಬೊಗಸೆಯಲ್ಲೇ ಕುಡಿದೆ. ನನ್ನ ಕೈ ಔಷಧಿಯಿಂದ ಬೆಳ್ಳಗಿತ್ತು, ಅದಕ್ಕೆ ಸುರಿದಿರಬೇಕು. ಅದಕ್ಕೇ ಇರಬೇಕು. ಅಳಿಯನಾಗುವವನಿಗೆ ಬೊಗಸೆ ನೀರು ಕೊಡುತ್ತಾರೆಯೇ? ಕೈ ಹೊಲಸಾಗಿದ್ದರೆ ಕೊಡುತ್ತಾರೆ. ಆದರೆ ತೊಳೆದುಕೋ ಅನ್ನಬಹುದಿತ್ತು...

ಹೀಗೇಕೆ ಸುರಿದಳು ಅಂತ ಮಹಮ್ಮದನನ್ನು ಕೇಳಿದೆ. ನೀರು ತಂಪಿತ್ತಲ್ಲ ಅಂದ. ಮಲಗಿದ.

೨೭ ಜೂನ್, ಶಿರೋಳ

ಹೋಗಿ ಬಂದೆವು. ನಾನು, ಅವ್ವ, ಅಣ್ಣ. ಅಣ್ಣನ ಕೋಟು ನನ್ನ ಮೈಮೇಲೆ, ತೋಳು ಗಿಡ್ಡ.

ಮನೆ ಹೊಸಿಲಿನಿಂದ ಅಡಿಗೆಮನೆವರೆಗೆ ಹೊಸದಾಗಿ ಸಾರಿಸಿ, ಕೆಮ್ಮಣ್ಣು ಬಳಿದು, ಅಂಚಿಗೆ ಸುಣ್ಣದ ಗೆರೆ ಎಳೆದಿದ್ದರು. ನೀವು ಬರುತ್ತೀರೆಂದೇ ಸಾರಿಸಿದೆವು ಅಂದಳು ಅತ್ತೆ. ಅವ್ವನ ಮುಖ ಅರಳಿತು. ನಾನು ಗೋಡೆ ನೋಡಿದೆ. ನಾನು ಹೊಡೆದ ಔಷಧಿಯೆಲ್ಲ ಮಣ್ಣಿನ ಕೆಳಗೆ! ಸಾರಿಸಬಾರದು ಅಂತ ಊರಿಗೆಲ್ಲ ಡಂಗುರ ಹೊಡೆಸಿದ್ದೆವು. ಯಾರೂ ಇಷ್ಟು ಪ್ರೀತಿಯಿಂದ ನನ್ನ ಕೆಲಸ ಕೆಡಿಸಿರಲಿಲ್ಲ.

ಮಾದಲಿ, ಹಾಲು, ತುಪ್ಪ. ಅತ್ತೆ ತಾಟಿನ ತುಂಬ ಬಡಿಸಿದಳು. ನೀರಿನ ತಂಬಿಗೆ ತಾಟಿನ ಪಕ್ಕದಲ್ಲೇ ಇಟ್ಟಳು. ಹಾಗಾದರೆ ಆವತ್ತಿನದು ಕೈ ಹೊಲಸಿಗೇ ಅಂತ ಸಮಾಧಾನವಾಯಿತು. ರೇಣವ್ವ ಬಂದು ಅವ್ವನ ಕಾಲಿಗೆ ಬಿದ್ದಳು, ಎಲೆ ಅಡಿಕೆ ಇಟ್ಟಳು, ಹೋದಳು. ಈ ಸಲ ನೋಡಿದಳು. ಒಂದು ಸಲ. ನಗುವೋ ಸಿಟ್ಟೋ ಹೇಳಲಾರೆ.

ಆಮೇಲೆ ಅತ್ತೆ ಮಾತು ತೆಗೆದಳು.

“ಹುಡುಗಿ ಕೊಡಾಕ ನಮ್ಮ ತಕರಾರೇನಿಲ್ಲ. ಆದ್ರ ಆ ಔಷಧಿ ಕೆಲಸ ಬಿಡಬೇಕು. ನಾಕೂ ಕೇರಿ ಹೊಕ್ಕು ಅದ ಕಾಲಾಗ ಅಡಗಿಮನಿಗೆ ಬರೂದು ನಮಗ ಸರಿ ಬರೂದಿಲ್ಲ.”

ಮಾಮ ನೆಲ ನೋಡಿದ. ನರಗುಂದದ ಅಂಗಡಿಯವರು ತನಗೆ ಪರಿಚಯ, ಮತ್ತೆ ಗಾದಿಗೆ ಕರೆದುಕೊಳ್ಳುವಂತೆ ಹೇಳುತ್ತೇನೆ ಅಂದ. ನಾಗರಪಂಚಮಿಯೊಳಗೆ ಉತ್ತರ ಹೇಳಬೇಕು.

ಬಸ್ಸಿನವರೆಗೆ ದುರಗಪ್ಪ ಗಂಟು ಹೊತ್ತು ಬಂದ. ಮನೆ ಚಂದ ಸಾರಿಸಿದ್ದಾರೆ ಅಂದೆ, ಏನೋ ಮಾತಿಗೆ. ಅವನು ಸಹಜವಾಗಿ ಹೇಳಿದ:

“ನೀವು ಔಷಧಿ ಹೊಡೆದು ಹೋದ ದಿವಸಾನ ಕೆಮ್ಮಣ್ಣು ತಂದು ಹಾಕೀನ್ರಿ. ಲಗೂ ತಾ, ಕತ್ತಲಾಗೂದ್ರಾಗ ಸಾರಿಸಬೇಕಂದ್ರು ಅಕ್ಕಾರು.”

ಆ ದಿನವೇ ಹೇಳಿದಳೇ ಅತ್ತೆ? ಹೆಣ್ಣು ನೋಡುವುದಕ್ಕೆ ಇನ್ನೂ ಹನ್ನೆರಡು ದಿನ ಇತ್ತು. ಆದರೆ ತಾರೀಖು ಆಗಲೇ ಗೊತ್ತಾಗಿತ್ತು. ಕಾರಹುಣ್ಣಿಮೆಯೂ ಇತ್ತು. ನಾನು ಬರುತ್ತೇನೆಂದು ಸಾರಿಸಿದರೋ, ನಾನು ಬಂದು ಹೋದೆನೆಂದು ಸಾರಿಸಿದರೋ? ಗೋಡೆ ಒಂದೇ, ಮಣ್ಣು ಒಂದೇ. ಕೇಳುವುದು ಯಾರನ್ನು?

ದುರಗಪ್ಪನ ಮುಖ ನೋಡಲಾಗಲಿಲ್ಲ. ಅವನು ತಂದ ಮಣ್ಣಿನಲ್ಲೇ ಅವನ ಕೇರಿಯ ಧೂಳು ತೊಳೆದರೋ ಏನೋ.

೨೮ ಜೂನ್

ಅಣ್ಣ — ನೌಕರಿ ಬಿಡು, ಹುಡುಗಿ ಬಂಗಾರ. ಅವ್ವ — ನಿನ್ನ ಮನಸ್ಸು. ನನ್ನ ಮನಸ್ಸು ನನಗೆ ಗೊತ್ತಿದ್ದರೆ ಇವರನ್ನು ಯಾಕೆ ಕೇಳುತ್ತಿದ್ದೆ?

೫ ಜುಲೈ, ರೋಣ

ಆಷಾಢ. ಮದುವೆ ಮಾತು ಎಲ್ಲೂ ಇಲ್ಲ. ಒಳಗೆ ಮಾತ್ರ ಅದೇ ಮಾತು.

ಮಹಮ್ಮದನಿಗೆ ಎಲ್ಲ ಹೇಳಿದೆ. ಹುಡುಗಿ ಏನನ್ನುತ್ತಾಳೆ ಅಂತ ಕೇಳಿದ. ಅವಳನ್ನು ಹೇಗೆ ಕೇಳಲಿ? ಮತ್ತೆ ನಿನಗೆ ಸಂಬಂಧ ಬೇಕಾದದ್ದು ಅವಳ ಜೋಡಿಯೋ ಅತ್ತೆಯ ಜೋಡಿಯೋ ಅಂದ. ಸಿಟ್ಟು ಬಂತು. ಅವನ ಪಾಲಿನ ಚಹಾ ನಾನೇ ಕುಡಿದೆ.

ಗಾದಿಗೆ ಹೋಗುವುದು ನೆನೆದರೆ ಆಗದು ಅನಿಸುತ್ತದೆ. ರೇಣವ್ವ ಇಲ್ಲ ಅಂತ ನೆನೆದರೂ ಅಷ್ಟೇ.

೧೪ ಜುಲೈ

ಮೀಟಿಂಗು. ಇನ್ಸ್‌ಪೆಕ್ಟರ್ ಸಾಹೇಬರು ಊರೂರು ತಿರುಗಿ ಗೋಡೆ ನೋಡುತ್ತಾರಂತೆ. ಸಾರಿಸಿದ ಮನೆ ಇದ್ದರೆ ಈಗಲೇ ಹೇಳಿ, ನಾನಾಗಿ ಕಂಡುಹಿಡಿದರೆ ಆ ಊರಿಗೆ ಹೋದ ಇಬ್ಬರ ನೌಕರಿಗೂ ಕುತ್ತು ಅಂದರು. ಇಬ್ಬರ ಅಂದರೆ ಮಹಮ್ಮದನದೂ. ಅವನು ಕಾಲಿನ ಉಗುರು ನೋಡುತ್ತ ಕೂತಿದ್ದ.

ಎದ್ದು ನಿಂತೆ. ಯಾವಗಲ್‌ನ ಕೇರಿಯಲ್ಲಿ ಒಂದು ಗೋಡೆಯೂ ಸಾರಿಸಿಲ್ಲ, ಸಾರಿಸಿದ್ದು ನಮ್ಮ ಮಾಮನ ಮನೆ ಅಂದೆ. ಕಾರಣ ಕೇಳಿದರು. ನಾನು ಹೆಣ್ಣು ನೋಡಲು ಹೋಗಿದ್ದೆ, ಅದಕ್ಕೆ ಅಂದೆ. ಇಡೀ ಕಚೇರಿ ಬಿದ್ದು ಬಿದ್ದು ನಕ್ಕಿತು. ಸಾಹೇಬರೂ ನಕ್ಕರು. ಹಾಗಾದರೆ ಅಳಿಯಂದಿರೇ ಹೋಗಿ ಮತ್ತೆ ಹೊಡೆಯಲಿ ಅಂದರು.

ಅದೇ ಕಾರಣ ಅಂತ ನನಗೇ ಗ್ಯಾರಂಟಿ ಇಲ್ಲ. ಹೇಳಿ ಬಂದೆ.

೨೦ ಜುಲೈ, ಯಾವಗಲ್ ಚಾವಡಿ, ಸಂಜೆ

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಮಧ್ಯಾಹ್ನಕ್ಕೆ ಮುಟ್ಟಿದೆವು. ಮಾಮ ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ. ನನ್ನ ಹೆಗಲ ಮೇಲಿನ ಕೋಲು ನೋಡಿ, ಇದೇ ಉತ್ತರವೇನು ಅಂತ ಕೇಳಿದ. ಅಲ್ಲ, ಡ್ಯೂಟಿ ಅಂದೆ. ಅತ್ತೆ ಗಡಿಗೆಗಳನ್ನು ದಡಬಡ ಹೊರಗೆ ತಂದಿಟ್ಟಳು.

ಪಡಸಾಲೆ ಹೊಡೆದೆ. ಅಡಿಗೆಮನೆ ಹೊಡೆದೆ. ಸುಣ್ಣದ ಗೆರೆಯ ಮೇಲೂ ಔಷಧಿ ಇಳಿಯಿತು. ಒಳಗಿನ ಖೋಲಿಗೆ ಹೋದರೆ ರೇಣವ್ವ ಕೌದಿ ಮಡಿಚುತ್ತಿದ್ದಳು. ಅವಳು ಮಲಗುವ ಕಡೆಯ ಗೋಡೆ... ಜೂನಿನಲ್ಲಿ ನಾನು ಹೊಡೆದದ್ದು ಹಾಗೇ ಇತ್ತು, ಬಿಳಿ ಕಲೆ ಇಳಿಜಾರಾಗಿ, ನನ್ನ ಕೋಲು ಆಡಿದ ಹಾಗೇ. ಮಣ್ಣು ಮುಟ್ಟಿರಲಿಲ್ಲ. ಕೌದಿ ರಾಶಿಯ ಮರೆಗೆ ಇಷ್ಟು ದಿನ ಕಂಡಿರಲಿಲ್ಲವೇನೋ, ಅತ್ತೆ ಬಾಗಿಲಿಂದ ಇಣುಕಿ ಈಗ ನೋಡಿದಳು. ಇದನ್ನು ಯಾಕೆ ಸಾರಿಸಿಲ್ಲ ಅಂತ ಮಗಳನ್ನು ಕೇಳಿದಳು. ರೇಣವ್ವ ಕೌದಿ ಕೆಳಗಿಡದೆ ಹೇಳಿದಳು: ತಗಣಿ ಕಡಿಯುವುದು ನಿಂತಿತ್ತು, ಅದಕ್ಕೆ.

ನನಗಾಗಿ ಅಂದುಕೊಂಡಿದ್ದೆ. ತಗಣಿಗಾಗಿ! ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಇಂಥ ಪೆದ್ದ ಜಗತ್ತಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಮಹಮ್ಮದ ನೀರು ಕೇಳಿದ. ಅತ್ತೆ ತಂಬಿಗೆ ತುಂಬಿ ತಂದಳು. ಅವನು ಬೊಗಸೆ ಹಿಡಿದು ಕುಡಿದ. ನಾನೂ ಕೇಳುವ ಮೊದಲೇ ಬೊಗಸೆ ಹಿಡಿದೆ. ಅಭ್ಯಾಸ ಎಷ್ಟು ಬೇಗ ಆಗುತ್ತದೆ. ಅಷ್ಟರಲ್ಲಿ ರೇಣವ್ವ ಹಿಂದಿನಿಂದ ಬಂದಳು, ತಾಯಿಯ ಕೈಯಿಂದ ತಂಬಿಗೆ ಇಸಕೊಂಡಳು, ನನ್ನ ಬೊಗಸೆಯಲ್ಲೇ ಇಟ್ಟಳು. ಸುರಿಯಲಿಲ್ಲ. ತಂಬಿಗೆಯನ್ನೇ ಇಟ್ಟಳು.

ಗಾಬರಿಯಲ್ಲಿ ಎತ್ತಿ ಕುಡಿಯುವುದನ್ನು ಮರೆತು ಕಚ್ಚಿ ಕುಡಿದೆ. ಕುಡಿದ ಮೇಲೆ ನೋಡುತ್ತೇನೆ, ತಂಬಿಗೆಯ ಮೈಮೇಲೆ ನನ್ನ ಹತ್ತೂ ಬೆರಳು ಬೆಳ್ಳಗೆ ಮೂಡಿವೆ. ನಾಚಿಕೆಯಾಯಿತು. ವಾಪಸು ಕೊಡಲೋ ಕೆಳಗಿಡಲೋ... ಅವಳೇ ತೆಗೆದುಕೊಂಡಳು. ಉಳಿದ ನೀರನ್ನು, ತಾಯಿಯ ಎದುರಿಗೆ, ತಂದೆಯ ಎದುರಿಗೆ, ನಾನು ಕಚ್ಚಿದ ಕಡೆಯಿಂದಲೇ ಕುಡಿಯಲು ಎತ್ತಿದಳು.

ಆರು ವರ್ಷದ ಮೇಲೆ ಅವಳ ಜೊತೆ ನಾನು ಆಡಿದ ಮೊದಲ ಮಾತು ಇದು, ಬರೆದಿಡುತ್ತೇನೆ:

“ಕುಡೀಬ್ಯಾಡ, ಔಷಧಿ ಹತ್ತೇತಿ.”

ಅವಳು ಕುಡಿದಳು. ಪೂರಾ. ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಅದಕ್ಕ ಸಾಯೂದು ತಗಣಿ. ನಾ ತಗಣಿ ಅದೀನೇನು?”

ಮಾಮ ಹಗ್ಗ ಕೆಳಗಿಟ್ಟ. ಇನ್ನು ಇವಳನ್ನು ಕೇಳುವುದೇನಿದೆ ಅಂತ ಅತ್ತೆಗೆ ಹೇಳಿದ. ಅತ್ತೆ ತಂಬಿಗೆ ತೆಗೆದುಕೊಂಡು ಒಳಗೆ ಹೋದಳು. ಬೂದಿ ಹಾಕಿ ತಿಕ್ಕುವ ಸಪ್ಪಳ ಕೇಳಿಸಿತು. ತಿಕ್ಕಲಿ.

ಆ ಗೋಡೆ ತಗಣಿಗೋ ನನಗೋ ಅಂತ ಈಗಲೂ ಗೊತ್ತಿಲ್ಲ. ಮಹಮ್ಮದ ಹೊರಗೆ ನಿಂತು ಕೂಗುತ್ತಿದ್ದಾನೆ, ಮಾಮ ಚಾವಡಿಗೆ ಬಂದಿದ್ದಾನಂತೆ, ಪಂಚಮಿವರೆಗೆ ಕಾಯುವುದಿಲ್ಲವಂತೆ, ಉತ್ತರ ಈಗಲೇ ಬೇಕಂತೆ. ಹೇಳುತ್ತೇನೆ. ನೌಕರಿಯನ್ನೂ ಬಿಡುವುದಿಲ್ಲ. ರೇಣವ್ವನನ್ನೂ...