ಪಥ್ಯ ಹಾಕಿದವರೇ ಬಂದು ಬಿಡಿಸಿ

ತಾಲೂಕು ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳೇ,

ಮಾನ್ಯರೇ ಎಂದು ಶುರು ಮಾಡಬೇಕೆಂದಿದ್ದೆ, ಮನಸ್ಸು ಒಪ್ಪಲಿಲ್ಲ. ನಿಮ್ಮ ಡಯಾಲಿಸಿಸ್ ಕೋಣೆಯಲ್ಲಿ ನನ್ನ ತಮ್ಮ ಭೀಮರಾಜ ಹಸಿವಿನಿಂದ ಸಾಯುತ್ತಿದ್ದಾನೆ. ಮನೆಯಲ್ಲಿ ಊಟಕ್ಕೇನೂ ಕೊರತೆಯಿಲ್ಲ. ನಿಮ್ಮ ಮಾತು ಕೇಳಿ ಈ ಗತಿಗೆ ಬಂದಿದ್ದಾನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದರಲ್ಲಿ ನಮ್ಮದು ಯಾವ ತಾಲೂಕು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದ ನಾಲ್ಕು ತಾಲೂಕಿನ ವೈದ್ಯಾಧಿಕಾರಿಗಳು ನಿಶ್ಚಿಂತೆಯಿಂದ ಮಲಗಿಬಿಡುತ್ತಾರೆ.

ಭೀಮರಾಜ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸಕ್ಕರೆ ಕಾಯಿಲೆ ಹಳೆಯದು. ಅದು ಕಿಡ್ನಿಗೆ ಇಳಿದಾಗ ನೀವೇ ಅವನನ್ನು ಎದುರಿಗೆ ಕೂರಿಸಿಕೊಂಡು, ಬೇಳೆ, ಕಾಳು, ಮೊಟ್ಟೆ, ಮಾಂಸ ಕಡಿಮೆ ಮಾಡು, ಕಿಡ್ನಿಗೆ ಪ್ರೋಟೀನಿನ ಭಾರ ಹೊರಿಸಬೇಡ, ಪಥ್ಯದಲ್ಲಿರು ಎಂದಿರಿ. ಅಂದು ನೀವು ಹೇಳಿದ್ದು ಸರಿಯಾಗಿಯೇ ಇತ್ತು, ಒಪ್ಪುತ್ತೇನೆ. ಅವನು ಕಡಿಮೆ ಮಾಡುವುದಿರಲಿ, ಪೂರ್ತಿಯೇ ಬಿಟ್ಟ. ಪಥ್ಯ ಎಂಬ ಮಾತಿನ ತೂಕ ನಿಮಗೆ ಗೊತ್ತಿಲ್ಲ. ಚಿಕ್ಕವನಿದ್ದಾಗ ಅವನಿಗೆ ಕಾಮಾಲೆಯಾಗಿತ್ತು. ಬೇರು ಅರೆದು ಕೊಟ್ಟ ಜಂಬಮ್ಮ ಉಪ್ಪು, ಖಾರ, ಎಣ್ಣೆ ಬಿಡಿಸಿ ಪಥ್ಯ ಹಾಕಿದಳು. ಗುಣವಾದ ಮೇಲೆ ತಾನೇ ಮನೆಗೆ ಬಂದು, ತನ್ನ ಕೈಯಿಂದ ಮೊದಲ ತುತ್ತು ತಿನ್ನಿಸಿ ಪಥ್ಯ ಬಿಡಿಸಿ ಹೋದಳು. ಹಾಕಿದವರೇ ಬಿಡಿಸಬೇಕು, ಬೇರೆಯವರು ಬಿಡಿಸಿದರೆ ಔಷಧಿ ಕೆಡುತ್ತದೆ ಎಂಬುದು ನಮ್ಮ ಓಣಿಯ ನಂಬಿಕೆ. ನಗಬೇಡಿ. ನಿಮ್ಮ ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಇನ್ನೊಬ್ಬ ರೋಗಿಯನ್ನು ತೋರಿಸಿ ನೋಡೋಣ.

ಆಮೇಲೆ ಕಿಡ್ನಿ ಪೂರ್ತಿ ಕೈಕೊಟ್ಟಿತು, ಡಯಾಲಿಸಿಸ್ ಶುರುವಾಯಿತು. ಅಲ್ಲಿಂದ ಊಟದ ನಿಯಮವೇ ಉಲ್ಟಾ ಆಗುತ್ತದೆ, ಯಂತ್ರ ರಕ್ತ ತೊಳೆಯುವಾಗ ಮೈಯ ಸತ್ವವನ್ನೂ ಎಳೆದುಕೊಳ್ಳುತ್ತದೆ, ಹಾಗಾಗಿ ಪ್ರೋಟೀನ್ ಹೆಚ್ಚು ತಿನ್ನಬೇಕು ಎಂದು ನಿಮ್ಮಲ್ಲಿ ಒಬ್ಬರಾದರೂ ಅವನಿಗೆ ಹೇಳಿದಿರಾ? ಹೇಳುವುದು ಹಾಗಿರಲಿ, ಡಯಾಲಿಸಿಸ್ ಮಂಚದ ಎದುರಿನ ಗೋಡೆಗೇ ‘ಬೇಳೆ, ಮೊಟ್ಟೆ, ಮಾಂಸ ಬೇಡ’ ಎಂಬ ಹಳೆಯ ಚಾರ್ಟ್ ಅಂಟಿಸಿದ್ದೀರಿ. ಅದು ಸಾಲದೆಂದು ಕಿಡ್ನಿ ದಿನಾಚರಣೆಯಲ್ಲಿ ಅವನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಯಾವುದೋ ಕಂಪನಿಯವರು ತಂದುಕೊಟ್ಟ ಪೌಡರ್ ಡಬ್ಬಿ ಕೈಗಿತ್ತು ಫೋಟೊ ತೆಗೆಸಿಕೊಂಡಿರಿ. ಇನ್ನೂ ಡಯಾಲಿಸಿಸ್‌ಗೆ ಬಾರದವರಿಗೆಂದು ಮಾಡಿದ, ಪ್ರೋಟೀನ್ ಕಡಿಮೆ ಇರುವ ಪೌಡರ್ ಅದು. ಡಬ್ಬಿಯ ಮೇಲೆಯೇ ಹಾಗೆಂದು ಅಚ್ಚಾಗಿದೆ. ಕೊಡುವ ಮೊದಲು ಅದನ್ನು ಓದುವಷ್ಟು ಪುರುಸೊತ್ತು ಇರಲಿಲ್ಲವೇ, ಇಲ್ಲಾ ಕ್ಯಾಮೆರಾ ಕಡೆ ನೋಡುವ ಅವಸರವೇ? ಭೀಮರಾಜ ಮಾತ್ರ ಪಥ್ಯ ಇನ್ನೂ ಮುಗಿದಿಲ್ಲವೆಂದೇ ತಿಳಿದ. “ಸಾಹೇಬ್ರು ಸ್ವಂತ ಕೈಯಾಗ ಕೊಟ್ಟಾರ ಅಕ್ಕ” ಎಂದು ಡಬ್ಬಿಯನ್ನು ಕಣ್ಣಿಗೊತ್ತಿಕೊಂಡ. ಆ ಫೋಟೊ ನೋಡಿದರೆ ನನಗೆ ಹೇಸಿಗೆಯಾಗುತ್ತದೆ.

ಈಗ ಅವನ ಮುಖ, ಕಾಲು ಬಾತಿವೆ, ತೋಳು ಸೊರಗಿವೆ. ಬಸ್ಸಿನ ಗಾಲಿ ಬಿಚ್ಚುತ್ತಿದ್ದ ಕೈಗೆ ನಟ್ಟು ತಿರುಗಿಸುವ ಪಾನಾ ಹಿಡಿಯಲು ಆಗುತ್ತಿಲ್ಲ. ದಾವಣಗೆರೆಗೆ ಕರೆದುಕೊಂಡು ಹೋದೆ. ಅಲ್ಲಿನ ಕಿಡ್ನಿ ಡಾಕ್ಟರು ರಕ್ತದ ರಿಪೋರ್ಟ್ ನೋಡಿ, “ಯಾರ್ರೀ ಇವ್ರಿಗೆ ಪ್ರೋಟೀನ್ ಬಿಡ್ಸಿದ್ದು? ದಿನಾ ಮೊಟ್ಟೆಯ ಬಿಳಿ ಭಾಗ ಕೊಡ್ರಿ. ಹಿಂಗೇ ಬಿಟ್ರೆ ಉಳಿಯಲ್ಲ” ಎಂದರು. ಅಂಗನವಾಡಿಯಲ್ಲಿ ಊರ ಮಕ್ಕಳಿಗೆಲ್ಲ ಮೊಟ್ಟೆ ಬೇಯಿಸಿ ಕೊಡುವವಳು ನಾನು. ಮನೆಗೆ ಬಂದು ತಮ್ಮನ ತಟ್ಟೆಗೂ ಹಾಕಿದೆ. ಅವನು ತಟ್ಟೆ ಸರಿಸಿದ.

“ಒಲ್ಲೆ ಅಕ್ಕ. ಪಥ್ಯ ಹಾಕಿದವ್ರು ಅವ್ರಲ್ಲ. ನಮ್ ಸಾಹೇಬ್ರು ಒಂದ್ ಮಾತು ಹೇಳ್ಲಿ, ತಿಂತೀನಿ.”

ಆ ಒಂದು ಮಾತಿಗಾಗಿ ನಿಮ್ಮ ಕೋಣೆಗೆ ಬಂದೆ, ನೆನಪಿದೆಯೇ? ಮೊಬೈಲಿನಿಂದ ತಲೆ ಎತ್ತದೆ, “ಮೊಟ್ಟಿ ತಿನ್ಸೋದು ನನ್ ಕೆಲ್ಸ ಏನ್ರೀ? ಗ್ವಾಡಿ ಮ್ಯಾಲ ಚಾರ್ಟ್ ಐತಿ, ಓದ್ಕೊಳ್ರಿ” ಎಂದಿರಿ. ಮೊಟ್ಟೆ ಬಿಡಿಸುವಾಗ ನಿಮ್ಮದಾಗಿದ್ದ ಕೆಲಸ ತಿನ್ನಿಸುವಾಗ ಯಾರದಾಯಿತು? ಎದ್ದು ಡಯಾಲಿಸಿಸ್ ಕೋಣೆಗೆ ಬಂದಾಗ ಭೀಮರಾಜನ ಪಕ್ಕದ ಮಂಚದ ಪಾಲಯ್ಯನವರ ಬುತ್ತಿ ಕಂಡೆ. ಬರೀ ಅನ್ನ, ತಿಳಿ ಮಜ್ಜಿಗೆ. ಅವರೂ ನಿಮ್ಮ ಚಾರ್ಟ್ ಓದಿದವರು.

ಆ ಚಾರ್ಟನ್ನು ಇವತ್ತೇ ಕಿತ್ತು ಹಾಕಿ. ಡಯಾಲಿಸಿಸ್‌ಗೆ ಬರುವವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಯಾರು ಏನು ತಿನ್ನಬೇಕೆಂದು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುವವರನ್ನು ನೇಮಿಸಿ. ಡಬ್ಬಿ ಹಂಚಲೇಬೇಕೆಂದಿದ್ದರೆ ಓದಿ ಹಂಚಿ. ಇದೆಲ್ಲಕ್ಕೂ ಮೊದಲು ನಮ್ಮ ಮನೆಗೆ ಬನ್ನಿ. ಶಾಲು ಬೇಡ, ಫೋಟೊದವನು ಬೇಡ. ಮೊಟ್ಟೆ ನಾನು ಸುಲಿದಿಟ್ಟಿರುತ್ತೇನೆ. ಭೀಮರಾಜನ ಎದುರು ಕೂತು ಒಂದು ತುತ್ತು ಅವನ ಬಾಯಿಗಿಟ್ಟು, ಪಥ್ಯ ಮುಗಿಯಿತಪ್ಪ, ತಿನ್ನು ಎನ್ನಿ. ನನಗೆ ನಿಮ್ಮ ಮೇಲೆ ಎಳ್ಳಷ್ಟೂ ನಂಬಿಕೆ ಉಳಿದಿಲ್ಲ. ಆದರೆ ಅವನು ನಿಮ್ಮನ್ನು ಇನ್ನೂ ನಂಬಿದ್ದಾನೆ, ಅದಕ್ಕೇ ಸಾಯುತ್ತಿದ್ದಾನೆ.

ಇಂತಿ,
ಭೀಮರಾಜ ಒಲ್ಲೆನೆಂದ ಮೊಟ್ಟೆಯನ್ನು ದಿನವೂ ತಾನೇ ತಿಂದು ತಟ್ಟೆ ತೊಳೆಯುತ್ತಿರುವ ಅವನ ಅಕ್ಕ,
ಯಶೋಧರಾ